ಕಂಡದ್ದನ್ನೆಲ್ಲಾ ಹೇಳಬೇಕೇ?

ಸತ್ಯ ಹೇಳುವುದು ಸದ್ಗುಣ, ಸುಳ್ಳು ಹೇಳುವುದು ಪಾಪ. ಇಷ್ಟು ಮಾತು ಧರ್ಮೋಪದೇಶ ತರಗತಿಯ ಪುಟ್ಟ ಮಕ್ಕಳಿಗೂ ಗೊತ್ತು. ಆದರೆ ನಮಗೆ ಗೊತ್ತಿರುವ ಸತ್ಯವನ್ನು ಕೇಳಿದವರಿಗೆಲ್ಲಾ ಹೇಳಿಬಿಡಬೇಕೇ? ಬಾಯಿ ಮುಚ್ಚಿಕೊಂಡರೆ ಅದೂ ಒಂದು ಬಗೆಯ ಸುಳ್ಳೇ? ವೈದ್ಯರು, ವಕೀಲರು, ನೆರೆಮನೆಯ ಗುಟ್ಟು ಬಲ್ಲವರು ಈ ಪ್ರಶ್ನೆಯನ್ನು ಆಗಾಗ ಎದುರಿಸುತ್ತಾರೆ. ಇಂದು ಅದನ್ನೇ ಒಂದು ಹಕ್ಕಿಗೂಡಿನ ಮುಂದೆ ನಿಂತು ಕೇಳಿಕೊಳ್ಳೋಣ. "ಫಾದರಿಗೆ ಬರೆಯಲು ಬೇರೆ ವಿಷಯ ಸಿಗಲಿಲ್ಲವೇ?" ಎಂದು ನಗುವವರು ನಗಲಿ. ಆ ಗೂಡಿನಲ್ಲಿರುವ ಜೀವಗಳಿಗಂತೂ ಇದು ನಗೆಯ ಮಾತಲ್ಲ.

ವಸಂತವೆಂದರೆ ನಮ್ಮ ಮಲೆನಾಡಿನಲ್ಲಿ ಹಕ್ಕಿಗಳ ಬಾಣಂತನದ ಕಾಲ. ಹೂಮಳೆ ಬಿದ್ದು ಕಾಫಿ ಅರಳುವ ಹೊತ್ತಿಗೆ ಕುಟ್ರು ಹಕ್ಕಿ ಒಣಕೊಂಬೆಯನ್ನು ಕೊರೆದು ಮನೆ ಮಾಡಿಕೊಂಡಿರುತ್ತದೆ. ಮಡಿವಾಳ ಹಕ್ಕಿ ಬೆಳಗಿನ ಬಲಿಪೂಜೆಯ ಗಂಟೆಗೂ ಮುಂಚೆ ಹಾಡತೊಡಗುತ್ತದೆ. ಚಳಿಗಾಲ ಕಳೆಯಲು ಉತ್ತರದಿಂದ ಬಂದಿದ್ದ ನವರಂಗ ಮರಳಿ ಹೊರಡುತ್ತದೆ; ಗದಗ ಜಿಲ್ಲೆಯ ಮಾಗಡಿ ಕೆರೆಯಲ್ಲಿ ಬೀಡುಬಿಟ್ಟಿದ್ದ ಪಟ್ಟೆತಲೆ ಹೆಬ್ಬಾತುಗಳು ಹಿಮಾಲಯವನ್ನು ದಾಟಲು ಸಿದ್ಧವಾಗುತ್ತವೆ. ಇವನ್ನೆಲ್ಲಾ ನೋಡಿ ಸಂತೋಷಪಡುವವರು ಹಿಂದೆಯೂ ಇದ್ದರು. ಮೂಡಿಗೆರೆಯ ಪೂರ್ಣಚಂದ್ರ ತೇಜಸ್ವಿಯವರು ಹಕ್ಕಿಗಳ ಚಿತ್ರ ತೆಗೆದು, ಪುಸ್ತಕ ಬರೆದು ಎಷ್ಟೋ ಕನ್ನಡಿಗರಿಗೆ ಈ ಹುಚ್ಚು ಹಿಡಿಸಿದರು. ಈಗ ಬಂದಿರುವ ವ್ಯತ್ಯಾಸವೆಂದರೆ ಕಂಡ ಹಕ್ಕಿಯ ಸುದ್ದಿ ಕಂಡವನ ಬಳಿ ಒಂದು ಗಂಟೆಯೂ ನಿಲ್ಲುವುದಿಲ್ಲ. ಮೊಬೈಲಿನಲ್ಲಿ ಚಿತ್ರ ತೆಗೆದದ್ದೇ ತಡ, ವಾಟ್ಸಾಪಿನಲ್ಲಿ ಬೆಂಗಳೂರು, ಮುಂಬಯಿ, ದುಬೈ ತಲುಪಿರುತ್ತದೆ.

ಹಾಗೆಂದು ಬರೆದಿಡುವುದು, ಹಂಚಿಕೊಳ್ಳುವುದು ತಪ್ಪೆಂದು ನಾನು ಹೇಳುತ್ತಿಲ್ಲ. ಅದರಿಂದ ಆಗಿರುವ ಉಪಕಾರ ದೊಡ್ಡದು. 2023ರಲ್ಲಿ ಭಾರತದ ಹಕ್ಕಿಗಳ ಸ್ಥಿತಿಗತಿಯ ಬಗ್ಗೆ ಒಂದು ವರದಿ ಪ್ರಕಟವಾಯಿತು. 942 ಬಗೆಯ ಹಕ್ಕಿಗಳ ವಿಚಾರ ಅದರಲ್ಲಿದೆ. ಅದಕ್ಕೆ ಆಧಾರ 30,000ಕ್ಕೂ ಹೆಚ್ಚು ಪಕ್ಷಿವೀಕ್ಷಕರು ಬರೆದಿಟ್ಟ ಮೂರು ಕೋಟಿ ದಾಖಲೆಗಳು. ಬರೆದವರಲ್ಲಿ ವಿಜ್ಞಾನಿಗಳು ಕೆಲವರೇ. ಹೆಚ್ಚಿನವರು ಶಾಲೆಯ ಶಿಕ್ಷಕರು, ವಿದ್ಯಾರ್ಥಿಗಳು, ನಿವೃತ್ತರು, ತೋಟದವರು. ದೀರ್ಘಕಾಲದ ಏರಿಳಿತವನ್ನು ಲೆಕ್ಕಹಾಕಲು ಸಾಧ್ಯವಾದ 338 ಬಗೆಗಳಲ್ಲಿ ಶೇಕಡಾ 60ರಷ್ಟು ಕಡಿಮೆಯಾಗಿವೆ ಎಂಬ ಕಹಿ ಸತ್ಯ ತಿಳಿದದ್ದು ಇಂಥವರ ಟಿಪ್ಪಣಿ ಪುಸ್ತಕಗಳಿಂದಲೇ. ಮತ್ತೊಂದು ಸತ್ಯವೂ ತಿಳಿಯಿತು. ಗುಬ್ಬಚ್ಚಿ ದೇಶದಿಂದಲೇ ಮಾಯವಾಯಿತು, ಮೊಬೈಲ್ ಗೋಪುರಗಳೇ ಅದನ್ನು ಕೊಂದವು ಎಂದು ನಾವೆಲ್ಲಾ ಮಾತಾಡಿಕೊಂಡಿದ್ದೇವೆ. 2020ರ ಇಂಥದೇ ವರದಿ, ದೊಡ್ಡ ನಗರಗಳಲ್ಲಿ ಗುಬ್ಬಚ್ಚಿ ಕಡಿಮೆಯಾಗಿದ್ದರೂ ಒಟ್ಟು ದೇಶದಲ್ಲಿ ಹೆಚ್ಚುಕಡಿಮೆ ಇದ್ದಷ್ಟೇ ಇದೆ ಎಂದು ತೋರಿಸಿಕೊಟ್ಟಿತು. ಯೇಸುಸ್ವಾಮಿ ಎರಡು ಕಾಸಿಗೆ ಐದರಂತೆ ಮಾರಾಟವಾಗುತ್ತಿದ್ದ ಗುಬ್ಬಿಗಳ ಮಾತೆತ್ತಿ, ಅವುಗಳಲ್ಲಿ ಒಂದನ್ನೂ ದೇವರು ಮರೆತಿಲ್ಲ ಎಂದರು. ಅವುಗಳನ್ನು ಎಣಿಸುವ ತಾಳ್ಮೆ ಕೆಲವು ಮನುಷ್ಯರಿಗೂ ಇರುವುದು ಒಳ್ಳೆಯದೇ.

ಹಾಗೆ ಎಣಿಸುವವನು ಒಬ್ಬ ಸಾಕ್ಷಿ. ಸುಳ್ಳುಸಾಕ್ಷಿ ಕೂಡದೆಂಬ ಕಟ್ಟಳೆ ನ್ಯಾಯಾಲಯದ ಕಟಕಟೆಗೆ ಮಾತ್ರ ಸೇರಿದ್ದಲ್ಲ. ಎರಡು ಕಂಡಲ್ಲಿ ಎರಡೆಂದೇ ಬರೆಯಬೇಕು. ಕೂಗು ಮಾತ್ರ ಕೇಳಿದ್ದರೆ ಕೇಳಿದೆ ಎನ್ನಬೇಕು, ನೋಡಿದೆ ಎನ್ನಬಾರದು. ಗುರುತು ಹತ್ತದಿದ್ದರೆ ಗುರುತು ಹತ್ತಲಿಲ್ಲವೆಂದು ಬರೆಯುವ ದೊಡ್ಡತನ ಬೇಕು. ಪಕ್ಕದ ಊರಿನವನ ಪಟ್ಟಿಯಲ್ಲಿ ನೂರು ಹಕ್ಕಿಗಳಿವೆ, ನನ್ನದರಲ್ಲಿ ತೊಂಬತ್ತೆಂಟೇ ಎಂಬ ಸಂಕಟದಿಂದ ಎರಡನ್ನು ಸೇರಿಸಿದರೆ ಯಾರಿಗೆ ನಷ್ಟ ಎನ್ನಬಹುದು. ನಷ್ಟವಿದೆ. ಇಲ್ಲದ ಹಕ್ಕಿ ಕಾಗದದ ಮೇಲೆ ಇದ್ದರೆ, ನಿಜವಾಗಿ ಕಡಿಮೆಯಾಗುತ್ತಿರುವುದು ಯಾರಿಗೂ ತಿಳಿಯುವುದೇ ಇಲ್ಲ.

ಇಲ್ಲಿಯವರೆಗೆ ಸುಲಭ. ಕಷ್ಟ ಎದುರಾಗುವುದು "ಎಲ್ಲಿ?" ಎಂಬ ಪ್ರಶ್ನೆಯಲ್ಲಿ.

ಮಂಗಟ್ಟೆ ಹಕ್ಕಿಯನ್ನು ತೆಗೆದುಕೊಳ್ಳಿ. ಪಶ್ಚಿಮ ಘಟ್ಟಗಳಲ್ಲಿ ನಾಲ್ಕು ಬಗೆಯ ಮಂಗಟ್ಟೆಗಳಿವೆ. ದಾಂಡೇಲಿಯ ಸುತ್ತ ನಾಲ್ಕೂ ಕಾಣುತ್ತವೆ. ನಮ್ಮ ಕಾಫಿ ತೋಟಗಳ ಕಡೆ ಕೇಕೆಹಾಕಿ ನಗುವಂತೆ ಕೂಗುವ ಬೂದು ಬಣ್ಣದ್ದು ಈ ಘಟ್ಟಗಳನ್ನು ಬಿಟ್ಟರೆ ಪ್ರಪಂಚದಲ್ಲಿ ಬೇರೆಲ್ಲೂ ಇಲ್ಲ. ಹೆಣ್ಣು ಹಕ್ಕಿ ದೊಡ್ಡ ಮರದ ಪೊಟರೆಯೊಳಗೆ ಹೋಗಿ ಬಾಗಿಲನ್ನು ತಾನೇ ಮುಚ್ಚಿಕೊಳ್ಳುತ್ತದೆ. ತನ್ನ ಹಿಕ್ಕೆಯನ್ನೂ ಹಣ್ಣಿನ ತಿರುಳನ್ನೂ ಮೆತ್ತಿ, ಕೊಕ್ಕು ತೂರುವಷ್ಟು ಸೀಳು ಮಾತ್ರ ಬಿಡುತ್ತದೆ. ಒಳಗೆ ಅದರ ರೆಕ್ಕೆಯ ಗರಿಗಳು ಉದುರುತ್ತವೆ. ಹಾರಿಹೋಗುವ ಮಾತೇ ಇಲ್ಲ. ಮೊಟ್ಟೆಯಿಂದ ಮರಿ ಹಾರುವವರೆಗೆ ಸುಮಾರು ಮೂರು ತಿಂಗಳು. ಅಷ್ಟು ಕಾಲವೂ ಗಂಡು ಹಕ್ಕಿ ಬಸರಿ, ಗೋಣಿ ಮರಗಳ ಹಣ್ಣನ್ನು ಗಂಟಲಲ್ಲಿ ತುಂಬಿಕೊಂಡು ಬಂದು, ಒಂದೊಂದೇ ಹೊರತೆಗೆದು ಆ ಸೀಳಿನಲ್ಲಿ ಉಣಿಸಬೇಕು. ಅದು ಬಹಳ ಅಂಜುಬುರುಕ. ಮರದ ಕೆಳಗೆ ಜನ ನಿಂತಿದ್ದರೆ ಹತ್ತಿರ ಸುಳಿಯುವುದಿಲ್ಲ; ದೂರದ ಕೊಂಬೆಯಲ್ಲಿ ಕಾದು ಕಾದು ಹೊರಟುಹೋಗುತ್ತದೆ. ಒಬ್ಬರು ಹತ್ತು ನಿಮಿಷ ನಿಂತರೆ ಅನಾಹುತವೇನೂ ಆಗಲಿಕ್ಕಿಲ್ಲ. ಆದರೆ ಜಾಗ ಗೊತ್ತಾದ ಮೇಲೆ ಬರುವವರು ಒಬ್ಬರಲ್ಲ. ಪ್ರತಿಯೊಬ್ಬರೂ "ನಾನೇನು ಮಾಡಿದೆ, ಹತ್ತು ನಿಮಿಷ ನಿಂತೆ ಅಷ್ಟೇ" ಎನ್ನುತ್ತಾರೆ, ಅದು ನಿಜವೂ ಹೌದು. ಒಳಗಿರುವ ತಾಯಿಗೆ ಮಾತ್ರ ಅಂದು ಊಟವಿಲ್ಲ.

ನಮ್ಮ ಯುವಕನೊಬ್ಬನಿಗೆ ಇಂಥ ಒಂದು ಪೊಟರೆ ಗೊತ್ತಿದೆ. ಊರಿನ ಹೆಸರನ್ನು ನಾನು ಬರೆಯುವುದಿಲ್ಲ. ಕ್ಯಾಮೆರಾ ಹಿಡಿದು ಹೊರಗಿನಿಂದ ಬಂದವರು ಅವನನ್ನು ವಿಚಾರಿಸಿದ್ದಾರೆ. ಭಾನುವಾರ ಪೂಜೆ ಮುಗಿದ ಮೇಲೆ ಅವನು ನನ್ನ ಬಳಿ ಬಂದು, "ಫಾದರ್, ಗೂಡು ಎಲ್ಲಿದೆ ಅಂತ ಕೇಳಿದ್ರು. ನಂಗೊತ್ತಿಲ್ಲ ಅಂದ್ಬಿಟ್ಟೆ. ಸುಳ್ಳು ಹೇಳಿದ ಹಾಗಾಯ್ತಲ್ವಾ?" ಎಂದ. ಅವನ ಒಪ್ಪಿಗೆ ಪಡೆದೇ ಇದನ್ನು ಇಲ್ಲಿ ಬರೆದಿದ್ದೇನೆ. ಹಕ್ಕಿಗಾಗಿ ಹೇಳಿದ ಸುಳ್ಳಿನ ಬಗ್ಗೆಯೂ ಮನಸ್ಸಾಕ್ಷಿ ಚುಚ್ಚುವ ಹುಡುಗರು ಇನ್ನೂ ಇದ್ದಾರೆಂಬುದು ನನಗೆ ಸಂತೋಷ ಕೊಟ್ಟಿತು.

ಸಂತ ಅಗಸ್ಟೀನರು ಸುಳ್ಳಿನ ಕುರಿತು ಬರೆದ ಪುಸ್ತಕದಲ್ಲಿ ತಮ್ಮ ಹುಟ್ಟೂರಾದ ತಗಾಸ್ತೆಯಲ್ಲಿ ಹಿಂದೆ ಧರ್ಮಾಧ್ಯಕ್ಷರಾಗಿದ್ದ ಫಿರ್ಮಸ್ ಎಂಬುವರ ಕಥೆ ಹೇಳುತ್ತಾರೆ. ತಮ್ಮ ಆಸರೆಗೆ ಬಂದ ಒಬ್ಬನನ್ನು ಫಿರ್ಮಸ್ ಬಚ್ಚಿಟ್ಟಿದ್ದರು. ಚಕ್ರವರ್ತಿಯ ಆಳುಗಳು ಬಂದು ಕೇಳಿದರು. "ಇಲ್ಲಿ ಯಾರೂ ಇಲ್ಲ" ಎಂದಿದ್ದರೆ ತೀರುತ್ತಿತ್ತು. ಅವರು ಹಾಗೆನ್ನಲಿಲ್ಲ. ಸುಳ್ಳನ್ನೂ ಹೇಳುವುದಿಲ್ಲ, ಆ ಮನುಷ್ಯನನ್ನೂ ಹಿಡಿದುಕೊಡುವುದಿಲ್ಲ ಎಂದರು. ಚಿತ್ರಹಿಂಸೆ ಕೊಟ್ಟರೂ ಜಗ್ಗಲಿಲ್ಲ. ಕೊನೆಗೆ ಚಕ್ರವರ್ತಿಯೇ ಮೆಚ್ಚಿ ಆ ಮನುಷ್ಯನನ್ನು ಕ್ಷಮಿಸಿದನಂತೆ. ಅಗಸ್ಟೀನರ ನಂತರ ಬಂದ ಸಂತ ಥಾಮಸ್ ಅಕ್ವಿನಾಸರೂ ಸುಳ್ಳಿಗೆ ರಿಯಾಯಿತಿ ಕೊಡುವುದಿಲ್ಲ. ಆದರೆ ಸತ್ಯವನ್ನು ವಿವೇಕದಿಂದ ಮರೆಮಾಡಬಹುದೆಂದು ಒಪ್ಪುತ್ತಾರೆ. 1992ರಲ್ಲಿ ಹೊರಬಂದ ಧರ್ಮಸಭೆಯ ಧರ್ಮೋಪದೇಶ ಗ್ರಂಥದ ನಿಲುವೂ ಇದೇ: ತಿಳಿಯುವ ಹಕ್ಕಿಲ್ಲದವನಿಗೆ ಸತ್ಯವನ್ನು ತಿಳಿಸಲೇಬೇಕೆಂಬ ಬಾಧ್ಯತೆ ಯಾರಿಗೂ ಇಲ್ಲ.

ಆದ್ದರಿಂದ ಹುಡುಗನಿಗೆ ನಾನು ಹೇಳಿದ್ದು ಸರಳ. "ಗೊತ್ತಿಲ್ಲ" ಎನ್ನಬೇಡ. "ಗೊತ್ತು, ಆದರೆ ಮರಿ ಹಾರುವವರೆಗೆ ಯಾರಿಗೂ ಹೇಳಲ್ಲ" ಅನ್ನು. ಇದು ಹೆಚ್ಚು ಕಷ್ಟದ ದಾರಿ. ಗೊತ್ತಿಲ್ಲ ಎಂದವನನ್ನು ಜನ ಅಲ್ಲಿಗೇ ಬಿಡುತ್ತಾರೆ. ಗೊತ್ತಿದ್ದೂ ಹೇಳುವುದಿಲ್ಲ ಎಂದವನ ಬೆನ್ನು ಬಿಡುವುದಿಲ್ಲ. ಪುಸಲಾಯಿಸುತ್ತಾರೆ, ಹಣ ತೋರಿಸುತ್ತಾರೆ, ಕೊನೆಗೆ ಸಿಟ್ಟಾಗುತ್ತಾರೆ. ಆದರೆ ಹೀಗೆ ಹೇಳಿದಾಗ ಕೇಳಿದವನಿಗೂ ಒಂದು ವಿಷಯ ತಿಳಿಯುತ್ತದೆ, ತಾನು ಕೇಳಿದ್ದರಲ್ಲೇ ಏನೋ ತಪ್ಪಿದೆ ಎಂದು.

ಬರೆಯುವಾಗಲೂ ಇದೇ ವಿವೇಕ ಬೇಕು. ಗೂಡಿನ ಮರ ಯಾವುದೆಂದು ಬರೆಯುವ ಬದಲು ತಾಲ್ಲೂಕಿನ ಹೆಸರನ್ನಷ್ಟೇ ಬರೆದರೆ ಅದು ಸತ್ಯ. ಅರ್ಧ ಸತ್ಯವಲ್ಲ, ಅಗಲವಾದ ಸತ್ಯ. ಆದರೆ ಜನರ ದಾರಿ ತಪ್ಪಿಸಲೆಂದು ಬೇರೊಂದು ಊರಿನ ಹೆಸರು ಬರೆದರೆ ಅದು ಸುಳ್ಳು; ಮುಂದೆ ಲೆಕ್ಕ ಹಾಕುವವರ ಲೆಕ್ಕವೂ ಕೆಡುತ್ತದೆ. 2002ರಲ್ಲಿ ಅಮೆರಿಕದಲ್ಲಿ ಆರಂಭವಾಗಿ ನಮ್ಮ ದೇಶದವರೂ ಬಳಸುತ್ತಿರುವ ಇ-ಬರ್ಡ್ ಎಂಬ ದಾಖಲೆ ವ್ಯವಸ್ಥೆ ಇದನ್ನು ಚೆನ್ನಾಗಿ ಅರ್ಥಮಾಡಿಕೊಂಡಿದೆ. ಅಪಾಯದಲ್ಲಿರುವ ಹಕ್ಕಿಯನ್ನು ಅದರಲ್ಲಿ ಬರೆದರೆ ನಿಖರವಾದ ಜಾಗ ಒಳಗೆ ಭದ್ರವಾಗಿ ಉಳಿಯುತ್ತದೆ. ಹೊರಗಿನವರಿಗೆ 400 ಚದರ ಕಿಲೋಮೀಟರಿನ ದೊಡ್ಡ ಚೌಕ ಮಾತ್ರ ಕಾಣುತ್ತದೆ. ಬೇರೆ ಹಕ್ಕಿಗಳ ಗೂಡಾದರೆ ಬರೆಯುವವರೇ ಜಾಗವನ್ನು ಅಗಲವಾಗಿ ಕೊಡಬಹುದು, ಇಲ್ಲವೇ ಮರಿ ಹಾರಿದ ಮೇಲೆ ತಡವಾಗಿ ಸೇರಿಸಬಹುದು. ನಮ್ಮ ವಾಟ್ಸಾಪ್ ಗುಂಪುಗಳಿಗೆ ಇಷ್ಟು ತಾಳ್ಮೆ ಎಲ್ಲಿದೆ? ಅಲ್ಲಿ ಜಾಗದ ಹೆಸರು ಬರೆಯದಿದ್ದರೂ ಚಿತ್ರವೇ ಬಾಯಿಬಿಡುತ್ತದೆ. ಹಿನ್ನೆಲೆಯಲ್ಲಿ ನಮ್ಮ ಇಗರ್ಜಿಯ ಶಿಲುಬೆ ಕಾಣುತ್ತಿದ್ದರೆ ವಿಳಾಸ ಬೇರೆ ಬೇಕೇ? ಗೂಬೆಯ ವಿಷಯದಲ್ಲಂತೂ ಇದು ಜೀವದ ಪ್ರಶ್ನೆ. ಮಾಟಮಂತ್ರಕ್ಕಾಗಿ ಗೂಬೆಗಳನ್ನು ಹಿಡಿದು ಮಾರುವ, ದೀಪಾವಳಿಯ ಸಮಯದಲ್ಲಿ ಬಲಿಕೊಡುವ ದಂಧೆಯ ಬಗ್ಗೆ ವನ್ಯಜೀವಿ ವ್ಯಾಪಾರದ ಮೇಲೆ ಕಣ್ಣಿಡುವ ಟ್ರಾಫಿಕ್ ಸಂಸ್ಥೆ 2010ರಲ್ಲೇ ವರದಿ ಕೊಟ್ಟಿದೆ.

ಇನ್ನೊಂದು ಚಾಳಿಯ ಬಗ್ಗೆ ಒಂದು ಮಾತು. ಹಕ್ಕಿಯ ಕೂಗನ್ನು ಮೊಬೈಲಿನಲ್ಲಿ ಕೇಳಿಸಿ ಅದನ್ನು ಹೊರಗೆಳೆಯುತ್ತಾರೆ. ಗಂಡು ಹಕ್ಕಿ ತನ್ನ ಜಾಗಕ್ಕೆ ವೈರಿ ನುಗ್ಗಿದನೆಂದು ತಿಳಿದು, ಮರಿಗೆ ಉಣಿಸುವುದನ್ನು ಬಿಟ್ಟು ಜಗಳಕ್ಕೆ ಬರುತ್ತದೆ. ಹಕ್ಕಿಗೆ ಸುಳ್ಳು ಹೇಳುವುದು ಪಾಪವೇ ಎಂದು ಸೆಮಿನರಿಯ ಪರೀಕ್ಷೆಯಲ್ಲಿ ಯಾರೂ ಕೇಳಿರಲಿಲ್ಲ. ಮಾತು ಅರ್ಥವಾಗದ ಪ್ರಾಣಿಯ ಮುಂದೆ ಸುಳ್ಳಿನ ಮಾತೇ ಹುಟ್ಟುವುದಿಲ್ಲ ಎಂದು ವಾದಿಸಬಹುದು. ವಾದ ಸರಿ ಇರಬಹುದು. ಆದರೆ ಮರಿ ಸಾಕುತ್ತಿರುವ ಜೀವವನ್ನು ಬೇಕೆಂದೇ ವಂಚಿಸಿ, ನಾಲ್ಕು ಚಿತ್ರಕ್ಕಾಗಿ ದಣಿಸುವುದನ್ನು ಕ್ರೌರ್ಯವೆಂದು ಕರೆಯಲು ಆ ವಾದ ಅಡ್ಡಬರುವುದಿಲ್ಲ.

ಗೂಡು ಕಂಡವನಿಗೆ ಪವಿತ್ರ ಬೈಬಲಿನಲ್ಲಿ ನೇರವಾದ ಒಂದು ಕಟ್ಟಳೆ ಇದೆ. ನಮ್ಮಲ್ಲಿ ಅದನ್ನು ಓದಿದವರು ಕಡಿಮೆ. ಧರ್ಮೋಪದೇಶಕಾಂಡದ 22ನೆಯ ಅಧ್ಯಾಯ ತೆಗೆದು ನೋಡಿ. ದಾರಿಯಲ್ಲಿ ಮರದ ಮೇಲೋ ನೆಲದ ಮೇಲೋ ಗೂಡು ಕಂಡು, ತಾಯಿ ಮೊಟ್ಟೆಯ ಮೇಲೋ ಮರಿಯ ಮೇಲೋ ಕೂತಿದ್ದರೆ, ತಾಯಿಯನ್ನು ಮರಿಗಳೊಂದಿಗೆ ಹಿಡಿಯಬಾರದು, ತಾಯಿಯನ್ನು ಬಿಟ್ಟುಬಿಡಬೇಕು. ತಂದೆತಾಯಿಯನ್ನು ಗೌರವಿಸುವವರಿಗೆ ಹೇಳಿದಂತೆ ಈ ಕಟ್ಟಳೆ ಪಾಲಿಸುವವರಿಗೂ ದೀರ್ಘಾಯುಸ್ಸಿನ ವಾಗ್ದಾನವಿದೆ. ಹಸಿದವನಿಗೆ ಮೊಟ್ಟೆಯನ್ನಾದರೂ ಒಯ್ಯಲು ಆ ಕಟ್ಟಳೆ ಬಿಡುತ್ತದೆ, ನಿಜ. ಆದರೆ ಗೂಡನ್ನು ಕಂಡೆ ಎಂಬುದರಿಂದಲೇ ಅದರ ಮೇಲೆ ಪೂರ್ಣ ಅಧಿಕಾರ ಬಂತೆಂದು ಅದು ಒಪ್ಪುವುದಿಲ್ಲ. ನಮ್ಮ ದೇಶದ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಇನ್ನೂ ಮುಂದೆ ಹೋಗಿ, ಕಾಡುಹಕ್ಕಿಯ ಮೊಟ್ಟೆಗಳಿಗೆ ಇಲ್ಲವೇ ಗೂಡಿಗೆ ತೊಂದರೆ ಕೊಡುವುದನ್ನೂ 'ಬೇಟೆ' ಎಂಬ ಪದದ ಅರ್ಥದೊಳಗೆ ಸೇರಿಸಿದೆ. ಕೋವಿ ಹಿಡಿದವನು ಮಾತ್ರ ಬೇಟೆಗಾರನಲ್ಲ.

ಈಗ ಹಣದ ವಿಚಾರ. ಇದನ್ನು ಮುಚ್ಚಿಟ್ಟು ನೀತಿ ಹೇಳುವುದು ಸರಿಯಲ್ಲ. ಗೂಡು ಎಲ್ಲಿದೆ ಎಂದು ಮೊದಲು ತಿಳಿಯುವುದು ಯಾರಿಗೆ? ಕಾಫಿ ಕುಯ್ಯುವ ಹೆಣ್ಣುಮಕ್ಕಳಿಗೆ, ದನ ಮೇಯಿಸುವವರಿಗೆ, ಕಾಡಿನಂಚಿನಲ್ಲಿ ಜೇನು, ಸೀಗೆ ಆರಿಸುವವರಿಗೆ. ಅವರಿಗೆ ಐನೂರು ರೂಪಾಯಿ ಕೊಟ್ಟು ಜಾಗ ತಿಳಿದುಕೊಂಡವನು ಚಿತ್ರ ತೆಗೆದು ಬಹುಮಾನ ಗೆಲ್ಲುತ್ತಾನೆ. ಚಿತ್ರದ ಕೆಳಗೆ ತೋರಿಸಿಕೊಟ್ಟವನ ಹೆಸರಿರುವುದಿಲ್ಲ. ಆ ಐನೂರನ್ನು ಬೇಡವೆನ್ನು ಎಂದು ದಿನಗೂಲಿಯವನಿಗೆ ಉಪದೇಶ ಮಾಡಲು ಹೊಟ್ಟೆ ತುಂಬಿದ ನನಗೆ ಎಷ್ಟು ಅಧಿಕಾರವಿದೆ? ಅವನಿಗಿರುವುದು ಅವನ ಜ್ಞಾನವೊಂದೇ. ಅದನ್ನು ಕೊಳ್ಳಲು ಬಂದವನ ಹೊಣೆಯೇ ಇಲ್ಲಿ ದೊಡ್ಡದೆಂದು ನನ್ನ ಅಭಿಪ್ರಾಯ. ಹಣ ಬೇರೆ ದಾರಿಯಲ್ಲೂ ಹರಿಯಬಹುದು. ಅರುಣಾಚಲ ಪ್ರದೇಶದ ಪಕ್ಕೆ ಕಾಡಿನ ಬಳಿ ನಿಶಿ ಜನಾಂಗದವರಿದ್ದಾರೆ. ಮಂಗಟ್ಟೆಯ ಕೊಕ್ಕನ್ನು ತಲೆಯುಡುಪಿಗೆ ಸಿಕ್ಕಿಸಿಕೊಳ್ಳುವುದು ಅವರ ಹಳೆಯ ಸಂಪ್ರದಾಯ. 2011-12ರಿಂದ ಅಲ್ಲಿ ಗೂಡುಗಳನ್ನು ದತ್ತು ಕೊಡುವ ಯೋಜನೆ ನಡೆದಿದೆ. ದೂರದ ಊರಿನವರು ಹಣ ಕೊಡುತ್ತಾರೆ. ಊರಿನವರೇ, ಅವರಲ್ಲಿ ಹಿಂದೆ ಬೇಟೆಯಾಡುತ್ತಿದ್ದವರೂ ಸೇರಿ, ಸಂಬಳ ಪಡೆದು ಗೂಡುಗಳನ್ನು ಕಾಯುತ್ತಾರೆ. ಅಲ್ಲಿ ಜ್ಞಾನಕ್ಕೆ ಬೆಲೆ ಸಿಕ್ಕಿದೆ, ಗೂಡೂ ಉಳಿದಿದೆ.

ಇಷ್ಟು ಓದಿ, ಗುಟ್ಟೇ ಯಾವಾಗಲೂ ಮೇಲೆಂದು ತಿಳಿಯಬೇಡಿ. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿಗೆ ಹೋಗಿ ನೋಡಿ. ಅಲ್ಲಿ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಊರ ನಡುವಿನ ಹುಣಸೆ ಮರಗಳಲ್ಲೇ ಗೂಡು ಕಟ್ಟುತ್ತವೆ. ಕೆಳಗೆ ಅಂಗಳ, ದನದ ಕೊಟ್ಟಿಗೆ, ಆಡುವ ಮಕ್ಕಳು. ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳು ಎಂದು ಊರಿನವರು ಅವನ್ನು ಕರೆಯುತ್ತಾರೆ. ಹಕ್ಕಿ ಕೂತ ಮರದ ಹುಣಸೆ ಫಸಲು ಹಾಳಾದರೂ ಸಹಿಸಿಕೊಂಡು ಬಂದಿದ್ದಾರೆ. ಅರಣ್ಯ ಇಲಾಖೆ ಅದಕ್ಕೆ ಪರಿಹಾರವನ್ನೂ ಕೊಡುತ್ತದೆ. 2007ರಲ್ಲಿ ಅದನ್ನು ಸಮುದಾಯ ಸಂರಕ್ಷಿತ ಪ್ರದೇಶವೆಂದು ಸರ್ಕಾರ ಘೋಷಿಸಿತು. ಆ ಗೂಡುಗಳ ಜಾಗ ಲೋಕಕ್ಕೆಲ್ಲಾ ಗೊತ್ತು, ಅದರಿಂದ ಹಕ್ಕಿಗೆ ಕೇಡಾಗಿಲ್ಲ. ಏಕೆಂದರೆ ಇಡೀ ಊರೇ ಕಾವಲಿದೆ.

ದೂರದ ಸ್ಕಾಟ್‌ಲೆಂಡಿನಲ್ಲೂ ಹೀಗೇ ಆಯಿತು. ಚಳಿಗಾಲದಲ್ಲಿ ನಮ್ಮ ಕೆರೆಗಳಿಗೂ ಬರುವ ಆಸ್ಪ್ರೇ ಎಂಬ ಮೀನು ಹಿಡಿಯುವ ಡೇಗೆ ಅಲ್ಲಿ ನಾಶವಾಗಿ, 1954ರಲ್ಲಿ ಗಾರ್ಟನ್ ಸರೋವರದ ಬಳಿ ಮತ್ತೆ ಗೂಡು ಕಟ್ಟಿತು. ಪಕ್ಷಿಪ್ರೇಮಿಗಳು ಗುಟ್ಟಾಗಿ ಕಾವಲಿದ್ದರು. ಆದರೂ 1958ರಲ್ಲಿ ಒಬ್ಬ ಕಳ್ಳ ಮೊಟ್ಟೆಗಳನ್ನು ಕದ್ದು, ಬೂಟ್ ಪಾಲಿಶ್ ಬಳಿದ ಕೋಳಿಮೊಟ್ಟೆಗಳನ್ನು ಇಟ್ಟುಹೋದ. ಮರುವರ್ಷ ಕಾವಲಿನ ಹೊಣೆ ಹೊತ್ತಿದ್ದ ಜಾರ್ಜ್ ವಾಟರ್‌ಸ್ಟನ್ ಅದಕ್ಕೆ ವಿರುದ್ಧವಾದ ದಾರಿ ಹಿಡಿದರು. ಜಾಗವನ್ನು ಬಹಿರಂಗಪಡಿಸಿ, ದೂರದಲ್ಲಿ ಮರೆಕಟ್ಟಿ, ದೂರದರ್ಶಕ ಇಟ್ಟು ಜನರನ್ನೇ ಕರೆದರು. ಸಾವಿರಾರು ಜನ ಬಂದರು. ಆ ವರ್ಷ ಮೂರು ಮರಿಗಳು ಹಾರಿದವು.

ಹಾಗಾದರೆ ಗುಟ್ಟು ಒಳ್ಳೆಯದೋ ಬಹಿರಂಗ ಒಳ್ಳೆಯದೋ? ಪ್ರಶ್ನೆಯನ್ನು ಹೀಗೆ ಕೇಳಿದರೆ ಉತ್ತರ ಸಿಗುವುದಿಲ್ಲ. ನಾನು ಹೇಳಿದ್ದರಿಂದ ಅಲ್ಲಿಗೆ ಬರುವವರು ಕಾಯುವವರೋ, ಕಾಡುವವರೋ? ನನ್ನ ಮಾತಿನ ಬೆಲೆಯನ್ನು ತೆರುವವರು ಯಾರು, ನಾನೋ, ಬಾಯಿಲ್ಲದ ಹಕ್ಕಿಯೋ? ಇಷ್ಟು ಕೇಳಿಕೊಂಡರೆ ಬಹುಪಾಲು ಗೊಂದಲ ತಿಳಿಯಾಗುತ್ತದೆ. ಮೌನದ ಒಳಗೂ ಸ್ವಾರ್ಥ ಅಡಗಿರುತ್ತದೆ ಎಂಬುದನ್ನು ಮಾತ್ರ ಮರೆಯಬಾರದು. "ನನ್ನ ಹಕ್ಕಿ, ನನ್ನ ಮರ, ಬೇರೆಯವರಿಗೆ ಸಿಗಬಾರದು" ಎಂದು ಜಾಗ ಮುಚ್ಚಿಟ್ಟು, ತಾನು ಮಾತ್ರ ದಿನಾ ಹೋಗಿ ಗೂಡಿನ ಕೆಳಗೆ ಕೂರುವವರನ್ನು ಏನೆನ್ನಬೇಕು? ಅವರು ಕಾಪಾಡುತ್ತಿರುವುದು ಹಕ್ಕಿಯನ್ನಲ್ಲ.

ಮೌನ ಕೊಲ್ಲುವುದೂ ಉಂಟು. ಕಾಫಿ ತೋಟದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮಳೆಗಾಲಕ್ಕೆ ಮುಂಚೆ ಮರಗಸಿ ಆರಂಭವಾಗುತ್ತದೆ. ನೆರಳಿನ ಮರಗಳ ಕೊಂಬೆ ಕಡಿಯುವಾಗ, ಒಳಗೆ ಪೊಳ್ಳಾದ ಮುದಿಮರ ಯಾರ ತಲೆಯ ಮೇಲಾದರೂ ಬಿದ್ದೀತೆಂದು ಮೊದಲು ಅದನ್ನೇ ಉರುಳಿಸುತ್ತಾರೆ. ಮಂಗಟ್ಟೆಗೆ ಬೇಕಾದದ್ದೂ ಅಂಥ ಮರವೇ. ಗೂಡಿನ ಗುಟ್ಟನ್ನು ಎದೆಯಲ್ಲಿಟ್ಟುಕೊಂಡ ಹುಡುಗ ಸುಮ್ಮನಿದ್ದರೆ ಒಂದು ಬೆಳಿಗ್ಗೆ ಗರಗಸದ ಸದ್ದು ಕೇಳುತ್ತಾನೆ. ಆದ್ದರಿಂದ ಮರಗಸಿಯ ಆಳುಗಳು ಬರುವ ಮೊದಲೇ ತೋಟದ ರೈಟರ ಬಳಿ, ಸಾಧ್ಯವಾದರೆ ಸಾಹುಕಾರರ ಬಳಿಯೇ ಹೋಗಿ, ಆ ಒಂದು ಮರವನ್ನು ತೋರಿಸಿ ಬಾ ಎಂದು ಅವನಿಗೆ ಹೇಳಿದ್ದೇನೆ. ಗುರುತಿಗೆಂದು ಬಣ್ಣ ಬಳಿಯುವುದು ಬೇಡ. ಬಣ್ಣ ಕಂಡ ಆಳುಗಳು ಕಡಿಯುವ ಮರವೆಂದು ತಿಳಿದಾರು, ಕ್ಯಾಮೆರಾದವರಿಗೂ ಗುರುತಾದೀತು. ಮಂಗಟ್ಟೆ ಅದೇ ಪೊಟರೆಗೆ ವರ್ಷ ವರ್ಷವೂ ಮರಳುವ ಹಕ್ಕಿ. ಮುಂದಿನ ವರ್ಷವೂ ಹೋಗಿ ನೆನಪಿಸಬೇಕು. ರೈಟರು ಬದಲಾದರೆ ಹೊಸಬರಿಗೆ ಮೊದಲಿನಿಂದ ಹೇಳಬೇಕು.